ಕಣ್ಣೆದುರು ಹಾರುವ ನೊಣ: ಮೊದಲು ತಪಾಸಣೆ, ಆಮೇಲೆ ಸಮಾಧಾನ

ಬೆಳಗಿನ ಕಾಫಿಯೊಂದಿಗೆ ಪತ್ರಿಕೆ ಬಿಡಿಸಿ ಕುಳಿತಿದ್ದೀರಿ. ಅಕ್ಷರಗಳ ಮೇಲೆ ನೊಣವೊಂದು ಸುಳಿದಂತಾಗುತ್ತದೆ. ಕೈ ಬೀಸಿ ಓಡಿಸುತ್ತೀರಿ, ಹೋಗುವುದಿಲ್ಲ. ಕನ್ನಡಕ ತೆಗೆದು ಒರೆಸುತ್ತೀರಿ, ಆಗಲೂ ಇದೆ. ನೋಟವನ್ನು ಬಲಕ್ಕೆ ಹೊರಳಿಸಿದರೆ ಅದೂ ಬಲಕ್ಕೆ ಜಾರುತ್ತದೆ. ನೇರವಾಗಿ ನೋಡಹೊರಟರೆ ತಪ್ಪಿಸಿಕೊಂಡು ಅಂಚಿಗೆ ಸರಿಯುತ್ತದೆ. ತಣ್ಣೀರಿನಿಂದ ಮುಖ ತೊಳೆದು ಬಂದ ಮೇಲೂ ಬಿಳಿ ಗೋಡೆಯ ಮೇಲೆ ಅದೇ ಕಪ್ಪು ಚುಕ್ಕೆ, ಅದಕ್ಕೊಂದು ಕೂದಲೆಳೆಯಂಥ ಬಾಲ. ಆಗ ಅರಿವಾಗುತ್ತದೆ, ನೊಣ ಹೊರಗಿಲ್ಲ, ಕಣ್ಣಿನೊಳಗೇ ಇದೆ.

ಇಂಥ ಚುಕ್ಕೆಗಳನ್ನು ವೈದ್ಯರು ‘ಫ್ಲೋಟರ್ಸ್’ ಎನ್ನುತ್ತಾರೆ. ಕನ್ನಡದಲ್ಲಿ ತೇಲುಚುಕ್ಕೆಗಳು ಎನ್ನಬಹುದು. ಲ್ಯಾಟಿನ್ ಭಾಷೆಯಲ್ಲಿ ಇವುಗಳಿಗೆ ಇರುವ ಹಳೆಯ ಹೆಸರಿನ ಅರ್ಥವೇ ‘ಹಾರಾಡುವ ನೊಣಗಳು’. ಐವತ್ತು ದಾಟಿದವರಲ್ಲಿ ಇದು ತೀರ ಸಾಮಾನ್ಯ. ಬಹುಪಾಲು ಜನರಿಗೆ ಇದರಿಂದ ಅಪಾಯವಿಲ್ಲ. ಕಾಲಕ್ರಮೇಣ ಚುಕ್ಕೆ ಮಸುಕಾಗುತ್ತದೆ, ಮನಸ್ಸೂ ಅದನ್ನು ಮರೆಯುತ್ತದೆ.

ಆದರೆ ಸ್ವಲ್ಪ ಮಂದಿಯಲ್ಲಿ ಇದೇ ಚುಕ್ಕೆ ದೃಷ್ಟಿಯನ್ನೇ ಕಸಿದುಕೊಳ್ಳಬಲ್ಲ ತೊಂದರೆಯೊಂದರ ಮೊದಲ ಸೂಚನೆಯಾಗಿರುತ್ತದೆ. ಕಾಣುವವರಿಗೆ ಎರಡೂ ಒಂದೇ ತೆರನಾಗಿರುತ್ತವೆ. ಮನೆಯಲ್ಲಿ ಕುಳಿತು ಇದು ನಿರಪಾಯದ ಚುಕ್ಕೆ, ಇದು ಅಪಾಯದ ಚುಕ್ಕೆ ಎಂದು ವಿಂಗಡಿಸಲು ಯಾರಿಂದಲೂ ಸಾಧ್ಯವಿಲ್ಲ. ಹಾಗಾಗಿ ಇಲ್ಲಿ ಪಾಲಿಸಬೇಕಾದ ಕ್ರಮ ಒಂದೇ: ಮೊದಲು ತಪಾಸಣೆ, ಆಮೇಲೆ ಸಮಾಧಾನ. ಈ ಕ್ರಮವನ್ನು ತಿರುವುಮುರುವು ಮಾಡಿಕೊಂಡವರೇ ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ.

ಕಣ್ಣಿನೊಳಗೆ ಏನಿದೆ?

ನಮ್ಮ ಕಣ್ಣುಗುಡ್ಡೆ ಸುಮಾರು 24 ಮಿಲಿಮೀಟರ್ ವ್ಯಾಸದ ಪುಟ್ಟ ಗೋಳ. ಮುಂಭಾಗದಲ್ಲಿ ಕಾರ್ನಿಯಾ, ಅದರ ಹಿಂದೆ ಪಾಪೆ, ಪಾಪೆಯ ಹಿಂದೆ ಮಸೂರ. ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿಕೊಂಡಂತೆ ಇರುವ ತೆಳುವಾದ ಪದರವೇ ರೆಟಿನಾ ಅಥವಾ ಅಕ್ಷಿಪಟಲ. ಬೆಳಕನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಕಳಿಸುವುದು ಇದರ ಕೆಲಸ.

ಮಸೂರಕ್ಕೂ ರೆಟಿನಾಕ್ಕೂ ನಡುವಿನ ಜಾಗ ಖಾಲಿಯಲ್ಲ. ತಾಟಿನಿಂಗಿನ ತಿರುಳಿನಂತೆ ಪಾರದರ್ಶಕವಾದ, ಮೆತ್ತನೆಯ ಲೋಳೆಯೊಂದು ಅಲ್ಲಿ ತುಂಬಿಕೊಂಡಿರುತ್ತದೆ. ಇದರ ಹೆಸರು ವಿಟ್ರಿಯಸ್. ಕಣ್ಣಿನ ಒಟ್ಟು ಗಾತ್ರದ ಐದರಲ್ಲಿ ನಾಲ್ಕು ಪಾಲು ಇದೇ ಆಗಿದ್ದು, ಪ್ರಮಾಣ ಸುಮಾರು 4 ಮಿಲಿಲೀಟರ್. ಅದರಲ್ಲಿ ಶೇಕಡ 98ಕ್ಕೂ ಹೆಚ್ಚು ಭಾಗ ನೀರು. ಉಳಿದದ್ದರಲ್ಲಿ ಮುಖ್ಯವಾದವು ಕೊಲಾಜೆನ್ ಎಂಬ ಅತಿ ಸೂಕ್ಷ್ಮ ಎಳೆಗಳು ಮತ್ತು ನೀರನ್ನು ಹಿಡಿದಿಟ್ಟುಕೊಳ್ಳುವ ಹಯಲುರಾನಿಕ್ ಆಮ್ಲ. ಇವೆರಡೂ ಹದವಾಗಿ ಹೆಣೆದುಕೊಂಡಿರುವವರೆಗೆ ಲೋಳೆ ಸ್ವಚ್ಛವಾಗಿರುತ್ತದೆ, ಬೆಳಕು ಅಡೆತಡೆಯಿಲ್ಲದೆ ಹಾದುಹೋಗುತ್ತದೆ.

ವಯಸ್ಸಾದಂತೆ ಈ ಹದ ಕೆಡುತ್ತದೆ. ಗಟ್ಟಿ ಮೊಸರನ್ನು ಒಂದೆರಡು ದಿನ ಹಾಗೆಯೇ ಇಟ್ಟರೆ ನಡುನಡುವೆ ನೀರು ಬಿಟ್ಟುಕೊಳ್ಳುವುದಿಲ್ಲವೇ? ವಿಟ್ರಿಯಸ್ ಕೂಡ ಹಾಗೆಯೇ ಅಲ್ಲಲ್ಲಿ ನೀರಾಗುತ್ತದೆ. ಹೆಣಿಗೆ ಕಳಚಿಕೊಂಡ ಕೊಲಾಜೆನ್ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ. ಹೊರಗಿನಿಂದ ಬರುವ ಬೆಳಕಿಗೆ ಈ ಗಂಟುಗಳು ಅಡ್ಡ ಬಂದಾಗ ಅವುಗಳ ನೆರಳು ರೆಟಿನಾದ ಮೇಲೆ ಬೀಳುತ್ತದೆ. ನಾವು ಚುಕ್ಕೆಯೆಂದು ನೋಡುವುದು ಈ ನೆರಳನ್ನೇ.

ಬಿಳಿ ಗೋಡೆ, ನಿರ್ಮಲ ಆಕಾಶ, ಕಂಪ್ಯೂಟರಿನ ಬೆಳ್ಳನೆಯ ಪರದೆ ಇವುಗಳ ಮುಂದೆ ಚುಕ್ಕೆ ಹೆಚ್ಚು ಕಾಣುವುದಕ್ಕೆ ಕಾರಣವೂ ಇದೇ. ಬೆಳಕು ಹೆಚ್ಚಿ, ಹಿನ್ನೆಲೆ ಖಾಲಿಯಾಗಿದ್ದರೆ ನೆರಳು ಎದ್ದು ಕಾಣುತ್ತದೆ. ಕಂಪ್ಯೂಟರ್ ಅಥವಾ ಮೊಬೈಲ್ ನೋಡಿ ನೋಡಿ ಚುಕ್ಕೆ ಬಂದಿತೆಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಪರದೆ ಚುಕ್ಕೆಯನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ ಅಷ್ಟೆ.

ಲೋಳೆ ಗೋಡೆ ಬಿಟ್ಟಾಗ

ವಿಟ್ರಿಯಸ್ ಲೋಳೆ ಕಣ್ಣಿನೊಳಗೆ ಸುಮ್ಮನೆ ಸುರಿದಿಟ್ಟದ್ದಲ್ಲ. ರೆಟಿನಾದ ಮೇಲ್ಮೈಗೆ ಅದು ಅಂಟಿಕೊಂಡಿರುತ್ತದೆ. ರೆಟಿನಾದ ಮುಂಭಾಗದ ಅಂಚಿನ ಸುತ್ತ, ನೋಟದ ನರ ಹೊರಡುವ ಜಾಗದಲ್ಲಿ, ಸ್ಪಷ್ಟ ದೃಷ್ಟಿಯ ಕೇಂದ್ರವಾದ ಮ್ಯಾಕ್ಯುಲಾದ ಬಳಿ ಹಾಗೂ ರಕ್ತನಾಳಗಳ ಉದ್ದಕ್ಕೂ ಈ ಅಂಟು ಹೆಚ್ಚು ಬಿಗಿ.

ಒಳಗೆ ನೀರಿನ ಪಾಲು ಹೆಚ್ಚಾಗುತ್ತ ಹೋದಂತೆ ಲೋಳೆ ಕುಗ್ಗಿ ಕುಸಿಯುತ್ತದೆ. ಒಂದು ದಿನ ಅದರ ಹಿಂಭಾಗ ರೆಟಿನಾದಿಂದ ಬಿಡಿಸಿಕೊಂಡು ಮುಂದಕ್ಕೆ ಸರಿಯುತ್ತದೆ. ಇದಕ್ಕೆ ‘ಪೋಸ್ಟೀರಿಯರ್ ವಿಟ್ರಿಯಸ್ ಡಿಟ್ಯಾಚ್‌ಮೆಂಟ್’ ಅಥವಾ ಚಿಕ್ಕದಾಗಿ ಪಿ.ವಿ.ಡಿ. ಎಂದು ಹೆಸರು. ನಲವತ್ತರ ಒಳಗಿನವರಲ್ಲಿ ಇದು ಅಪರೂಪ. ಐವತ್ತರಿಂದ ಎಪ್ಪತ್ತರ ನಡುವೆ ಹೆಚ್ಚು. ಎಂಬತ್ತು ದಾಟುವ ಹೊತ್ತಿಗೆ ಬಹುತೇಕ ಎಲ್ಲರಿಗೂ ಇದು ಆಗಿರುತ್ತದೆ. ತಲೆಗೂದಲು ನರೆಯುವಂತೆ ಇದೂ ವಯೋಧರ್ಮ, ರೋಗವಲ್ಲ. ಎಷ್ಟೋ ಮಂದಿಗೆ ಇದು ಆಗಿಹೋದದ್ದು ತಿಳಿಯುವುದೂ ಇಲ್ಲ.

ನೋಟದ ನರದ ಸುತ್ತ ಅಂಟಿಕೊಂಡಿದ್ದ ಭಾಗ ಕಿತ್ತು ಬಂದಾಗ ಉಂಗುರದಾಕಾರದ ದೊಡ್ಡ ಚುಕ್ಕೆಯೊಂದು ಕಾಣಿಸಿಕೊಳ್ಳುವುದುಂಟು. ವೈದ್ಯರು ಅದನ್ನು ವೈಸ್ ಉಂಗುರ ಎನ್ನುತ್ತಾರೆ. ಕೆಲವರು ಜೇಡರ ಬಲೆ ಕಂಡಿತೆನ್ನುತ್ತಾರೆ, ಕೆಲವರು ಹೊಗೆಯ ಎಳೆ, ಇನ್ನು ಕೆಲವರು ಸೊಳ್ಳೆ, ಕೂದಲು, ಅರ್ಧಚಂದ್ರ ಎನ್ನುತ್ತಾರೆ.

ಚುಕ್ಕೆಯ ಜೊತೆಗೆ ಮಿಂಚೂ ಬರಬಹುದು. ಕತ್ತಲ ಕೋಣೆಯಲ್ಲಿ ಕಣ್ಣು ಹೊರಳಿಸಿದಾಗ ಕಿವಿಯ ಕಡೆಯ ಅಂಚಿನಲ್ಲಿ ಬಿಲ್ಲಿನಂಥ ಬೆಳಕು ಫಕ್ಕನೆ ಮಿಂಚಿ ಮಾಯವಾಗುತ್ತದೆ. ರೆಟಿನಾಕ್ಕೆ ನೋವಿನ ಅರಿವಿಲ್ಲ, ಅದಕ್ಕೆ ತಿಳಿದಿರುವ ಭಾಷೆ ಬೆಳಕೊಂದೇ. ಹಿಂದೆ ಸರಿಯುತ್ತಿರುವ ಲೋಳೆ ಎಳೆದು ಜಗ್ಗಿದಾಗ ಅದು ಆ ಜಗ್ಗಾಟವನ್ನೂ ಬೆಳಕೆಂದೇ ಮಿದುಳಿಗೆ ವರದಿ ಮಾಡುತ್ತದೆ. ಎಲ್ಲಿಯೂ ನೋವಿಲ್ಲ, ಕಣ್ಣು ಕೆಂಪಾಗಿಲ್ಲ, ನೀರು ಸುರಿಯುತ್ತಿಲ್ಲ. ಹೀಗಾಗಿಯೇ ಜನ ಇದನ್ನು ಹಗುರವಾಗಿ ಕಾಣುತ್ತಾರೆ.

ಅಪಾಯ ಎಲ್ಲಿದೆ?

ಪುಸ್ತಕದ ಮೇಲೆ ಅಂಟಿಸಿದ ಲೇಬಲನ್ನು ಕೀಳುವುದನ್ನು ನೆನಪಿಸಿಕೊಳ್ಳಿ. ಸಾಮಾನ್ಯವಾಗಿ ಅದು ಶುದ್ಧವಾಗಿ ಬಿಟ್ಟುಬರುತ್ತದೆ. ಕೆಲವೊಮ್ಮೆ ಅಂಟು ಬಲವಾಗಿರುವ ಕಡೆ ಅಡಿಯ ಕಾಗದವನ್ನೂ ಕಿತ್ತುಕೊಂಡು ಬರುತ್ತದೆ. ವಿಟ್ರಿಯಸ್ ಬಿಡಿಸಿಕೊಳ್ಳುವಾಗಲೂ ರೆಟಿನಾ ಇದೇ ರೀತಿ ಹರಿಯಬಹುದು. ಹಠಾತ್ತನೆ ಚುಕ್ಕೆ, ಮಿಂಚು ಕಂಡು ವೈದ್ಯರ ಬಳಿ ಬಂದವರ ಪೈಕಿ ಹತ್ತರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ತುಸು ಹೆಚ್ಚು ಮಂದಿಗೆ ಇಂಥ ಹರಿತ ಇರುತ್ತದೆ. ಕಣ್ಣಿನೊಳಗೆ ರಕ್ತಸ್ರಾವವೂ ಆಗಿದ್ದರೆ ಸಂಭವ ಇನ್ನೂ ಬಹಳ ಹೆಚ್ಚು.

ಹರಿದ ಜಾಗದ ಮೂಲಕ ನೀರಾದ ವಿಟ್ರಿಯಸ್ ರೆಟಿನಾದ ಹಿಂದಕ್ಕೆ ನುಸುಳುತ್ತದೆ. ತೇವ ಹಿಡಿದ ಗೋಡೆಯಿಂದ ಬಣ್ಣ ಉಬ್ಬಿ ಮೇಲೇಳುವಂತೆ ರೆಟಿನಾ ತನ್ನ ನೆಲೆಯಿಂದ ಕಳಚಿಕೊಳ್ಳತೊಡಗುತ್ತದೆ. ಇದೇ ರೆಟಿನಲ್ ಡಿಟ್ಯಾಚ್‌ಮೆಂಟ್. ಹೆಸರುಗಳು ಒಂದೇ ರೀತಿ ಕೇಳಿಸಿದರೂ ಪಿ.ವಿ.ಡಿ. ಬೇರೆ, ಇದು ಬೇರೆ. ಲೋಳೆ ಕಳಚುವುದು ವಯೋಸಹಜ, ರೆಟಿನಾ ಕಳಚುವುದು ತುರ್ತುಸ್ಥಿತಿ. ಕಳಚಿದ ಭಾಗಕ್ಕೆ ಹಿಂಬದಿಯ ರಕ್ತಪೂರೈಕೆ ತಪ್ಪುತ್ತದೆ, ಅಲ್ಲಿನ ಜೀವಕೋಶಗಳು ಸೊರಗುತ್ತವೆ. ಕಾಣುವವರಿಗೆ ನೋಟದ ಒಂದು ಬದಿಯಿಂದ ಕರಿಯ ಪರದೆ ಇಳಿದಂತೆ ಅಥವಾ ನೆರಳು ಏರಿಬಂದಂತೆ ತೋರುತ್ತದೆ. ಆ ಪರದೆ ಮ್ಯಾಕ್ಯುಲಾವನ್ನು ಮುಟ್ಟುವ ಮೊದಲೇ ಶಸ್ತ್ರಚಿಕಿತ್ಸೆಯಾದರೆ ಒಳ್ಳೆಯ ದೃಷ್ಟಿ ಉಳಿಯುವ ಸಾಧ್ಯತೆ ಹೆಚ್ಚು. ಮುಟ್ಟಿದ ಮೇಲೆ ರೆಟಿನಾವನ್ನು ಮತ್ತೆ ಕೂರಿಸಬಹುದಾದರೂ ಓದುವ, ಮುಖ ಗುರುತಿಸುವ ಸೂಕ್ಷ್ಮ ದೃಷ್ಟಿ ಪೂರ್ಣವಾಗಿ ಮರಳುವ ಭರವಸೆ ಇಲ್ಲ.

ಇದಕ್ಕೂ ಮೊದಲಿನ ಹಂತದಲ್ಲಿ, ಅಂದರೆ ಬರೀ ಹರಿತವಿದ್ದಾಗಲೇ ಪತ್ತೆಯಾದರೆ ಚಿತ್ರವೇ ಬೇರೆ. ಚುಕ್ಕೆ, ಮಿಂಚಿನ ಲಕ್ಷಣಗಳೊಂದಿಗೆ ಬಂದ, ಲೋಳೆಯ ಎಳೆತ ಇನ್ನೂ ಇರುವ ಹರಿತವನ್ನು ಹಾಗೆಯೇ ಬಿಟ್ಟರೆ ಕನಿಷ್ಠ ಅರ್ಧದಷ್ಟು ಪ್ರಕರಣಗಳಲ್ಲಿ ರೆಟಿನಾ ಕಳಚುತ್ತದೆ. ಸಕಾಲದಲ್ಲಿ ಲೇಸರ್ ಮಾಡಿಸಿದರೆ ಈ ಸಂಭವ ಶೇಕಡ 5ಕ್ಕಿಂತ ಕೆಳಗಿಳಿಯುತ್ತದೆ. ಲೇಸರ್ ಎಂದರೆ ಹೊರರೋಗಿಯಾಗಿಯೇ ಮಾಡಿಸಿಕೊಂಡು ಅಂದೇ ಮನೆಗೆ ಹೋಗಬಹುದಾದ ಚಿಕಿತ್ಸೆ. ಕೆಲವು ನಿಮಿಷಗಳ ಈ ಕೆಲಸಕ್ಕೂ ದೊಡ್ಡ ಶಸ್ತ್ರಚಿಕಿತ್ಸೆಗೂ ನಡುವಿನ ಅಂತರ ಕೆಲವೊಮ್ಮೆ ಒಂದೆರಡು ದಿನಗಳದ್ದು ಮಾತ್ರ.

ಈ ಲಕ್ಷಣಗಳಿದ್ದರೆ ತಡಮಾಡಬೇಡಿ

* ಹಠಾತ್ತನೆ ಕಾಣಿಸಿಕೊಂಡ ಹೊಸ ಚುಕ್ಕೆ, ಅಥವಾ ಹಳೆಯ ಚುಕ್ಕೆಗಳ ಸಂಖ್ಯೆಯಲ್ಲಿ ಏಕಾಏಕಿ ಹೆಚ್ಚಳ.
* ಮಸಿ ಚೆಲ್ಲಿದಂತೆ ಅಥವಾ ಸಾಸಿವೆ ಚೆದರಿದಂತೆ ನೂರಾರು ಕಪ್ಪು ಕಣಗಳು. ಇದು ರಕ್ತಸ್ರಾವದ ಸೂಚನೆಯಾಗಿರಬಹುದು.
* ಒಂದು ಕಣ್ಣಿನ ಅಂಚಿನಲ್ಲಿ ಮತ್ತೆ ಮತ್ತೆ ಮಿಂಚು.
* ನೋಟದ ಯಾವುದೇ ಬದಿಯಲ್ಲಿ ಪರದೆ, ನೆರಳು ಅಥವಾ ಕತ್ತಲು.
* ದೃಷ್ಟಿ ಮಂಜಾಗುವುದು, ನೇರ ಗೆರೆಗಳು ಡೊಂಕಾಗಿ ಕಾಣುವುದು.

ಮೊದಲ ಮೂರರಲ್ಲಿ ಯಾವುದಿದ್ದರೂ ಅಂದೇ, ಆಗದಿದ್ದರೆ ಮರುದಿನವೇ ನೇತ್ರತಜ್ಞರನ್ನು ಕಾಣಬೇಕು. ಕೊನೆಯ ಎರಡಿದ್ದರೆ ಹೊತ್ತು ನೋಡದೆ ಆಸ್ಪತ್ರೆಗೆ ಹೊರಡಬೇಕು. ಭಾನುವಾರ ಕಳೆಯಲಿ, ಮದುವೆ ಮುಗಿಯಲಿ, ತಿಂಗಳ ಸಂಬಳ ಬರಲಿ ಎಂದು ಕಾಯುವ ವಿಷಯ ಇದಲ್ಲ.

ಎಲ್ಲ ಮಿಂಚೂ ರೆಟಿನಾದ್ದಲ್ಲ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಅಂಕುಡೊಂಕು ಗೆರೆಗಳಂತೆ ಹೊಳೆಯುವ ಬೆಳಕು ನಿಧಾನವಾಗಿ ಹರಡಿ, ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ತಾನಾಗಿ ಮಾಯವಾದರೆ, ಅದೂ ಎರಡೂ ಕಣ್ಣುಗಳಲ್ಲಿ ಕಂಡರೆ, ಅದು ಮೈಗ್ರೇನಿನದಾಗಿರುವ ಸಾಧ್ಯತೆ ಹೆಚ್ಚು. ಆಮೇಲೆ ತಲೆನೋವು ಬರಬಹುದು, ಬಾರದೆಯೂ ಇರಬಹುದು. ಆದರೂ ಮೊದಲ ಸಲ ಕಂಡಾಗ ವೈದ್ಯರಿಗೆ ತೋರಿಸುವುದೇ ಲೇಸು.

ಕಣ್ಣಿನೊಳಗಿನ ರಕ್ತಸ್ರಾವ ಹೇಗೆ ಕಾಣುತ್ತದೆಂಬುದಕ್ಕೆ ಕಲಾಲೋಕದ ದಾಖಲೆಯೊಂದಿದೆ. ನಾರ್ವೆಯ ಖ್ಯಾತ ಚಿತ್ರಕಾರ ಎಡ್ವರ್ಡ್ ಮುಂಕ್ ಅವರಿಗೆ 1930ರಲ್ಲಿ ಬಲಗಣ್ಣಿನೊಳಗೆ ರಕ್ತಸ್ರಾವವಾಯಿತು. ಆಗ ಅವರಿಗೆ 66 ವರ್ಷ. ನೋಟಕ್ಕೆ ಅಡ್ಡ ಬಂದ ಆಕಾರಗಳನ್ನು ಅವರು ಬಿಡದೆ ಚಿತ್ರಿಸಿದರು. ಕೊಕ್ಕುಳ್ಳ ದೊಡ್ಡ ಹಕ್ಕಿಯಂಥ ಕರಿಯ ಆಕೃತಿ ಆ ಚಿತ್ರಗಳಲ್ಲಿ ಕಾಣಸಿಗುತ್ತದೆ.

ಕನ್ನಡಕದ ಅಂಗಡಿಯಲ್ಲಿ ಇದು ಪತ್ತೆಯಾಗದು

ಕಣ್ಣಿನ ತೊಂದರೆಯೆಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಪೊರೆ. ಡಾ. ಎಂ.ಸಿ. ಮೋದಿ (1916-2005) ಅವರು ಊರೂರು ತಿರುಗಿ ಶಿಬಿರ ನಡೆಸಿ ಅಸಂಖ್ಯ ಮಂದಿಯ ಪೊರೆ ತೆಗೆದದ್ದು ನಾಡಿನ ನೆನಪಿನಲ್ಲಿದೆ. ಆದರೆ ಪೊರೆ ನಿಧಾನವಾಗಿ ಬಲಿಯುವಂಥದ್ದು. ಆರು ತಿಂಗಳು ತಡವಾದರೂ ಸಾಮಾನ್ಯವಾಗಿ ಕೆಡುಕಿಲ್ಲ. ಆ ರೂಢಿಯಿಂದಲೇ ರೆಟಿನಾದ ತೊಂದರೆಯನ್ನೂ ಅಳೆಯುವುದು ಅಪಾಯಕಾರಿ.

ಚುಕ್ಕೆ ಕಂಡ ಕೂಡಲೇ ಹಲವರು ಕನ್ನಡಕದ ಅಂಗಡಿಗೆ ಹೋಗಿ ಕಂಪ್ಯೂಟರ್ ತಪಾಸಣೆ ಮಾಡಿಸುತ್ತಾರೆ. ಅಕ್ಷರಗಳ ಫಲಕವನ್ನು ಕೊನೆಯ ಸಾಲಿನವರೆಗೆ ಸಲೀಸಾಗಿ ಓದುತ್ತಾರೆ. ‘ನಂಬರ್ ಬದಲಾಗಿಲ್ಲ’ ಎಂಬ ಮಾತು ಕೇಳಿ ನಿಶ್ಚಿಂತರಾಗುತ್ತಾರೆ. ರೆಟಿನಾದ ಅಂಚಿನಲ್ಲಿ ಹರಿತವಿದ್ದರೂ ನಡುವಿನ ದೃಷ್ಟಿ ಚೆನ್ನಾಗಿಯೇ ಇರುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಇದಕ್ಕೆ ಬೇಕಾದದ್ದು ಪಾಪೆ ಹಿಗ್ಗಿಸಿ ಮಾಡುವ ರೆಟಿನಾ ಪರೀಕ್ಷೆ. ಕಣ್ಣಿಗೆ ಹನಿ ಹಾಕಿ ಸುಮಾರು ಅರ್ಧ ಗಂಟೆ ಕೂರಿಸುತ್ತಾರೆ. ಪಾಪೆ ಅರಳಿದ ಮೇಲೆ ವೈದ್ಯರು ಹಣೆಗೆ ದೀಪವಿರುವ ಉಪಕರಣ ಕಟ್ಟಿಕೊಂಡು, ಕೈಯಲ್ಲಿ ಮಸೂರ ಹಿಡಿದು ರೆಟಿನಾದ ಅಂಚಿನವರೆಗೂ ನೋಡುತ್ತಾರೆ. ತೀರ ಅಂಚನ್ನು ಕಾಣಲು ರೆಪ್ಪೆಯ ಮೇಲಿಂದ ಸಣ್ಣ ಉಪಕರಣದಿಂದ ಮೆಲ್ಲನೆ ಅದುಮುವುದೂ ಉಂಟು. ತುಸು ಕಿರಿಕಿರಿಯಾದರೂ ಹರಿತ ಅಡಗಿ ಕೂರುವುದು ಹೆಚ್ಚಾಗಿ ಅಲ್ಲಿಯೇ. ರಕ್ತ ತುಂಬಿಕೊಂಡು ಒಳಗೆ ಏನೂ ಕಾಣದಿದ್ದರೆ ಅಲ್ಟ್ರಾಸೌಂಡ್ ಮೂಲಕ ನೋಡುತ್ತಾರೆ.

ಪರೀಕ್ಷೆಯ ನಂತರ ಕೆಲವು ಗಂಟೆ ನೋಟ ಮಂಜಾಗಿರುತ್ತದೆ, ಬಿಸಿಲು ಕಣ್ಣು ಕುಕ್ಕುತ್ತದೆ. ಆದ್ದರಿಂದ ಸ್ಕೂಟರ್, ಕಾರು ಓಡಿಸಿಕೊಂಡು ಹೋಗಬೇಡಿ. ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಆಸ್ಪತ್ರೆಗೆ ಫೋನ್ ಮಾಡುವಾಗ ಬರೀ ‘ಕಣ್ಣು ತೋರಿಸಬೇಕಿತ್ತು’ ಎಂದರೆ ಹತ್ತು ದಿನ ಬಿಟ್ಟು ಬನ್ನಿ ಎನ್ನಬಹುದು. ಬದಲಿಗೆ, ‘ನಿನ್ನೆಯಿಂದ ಬಲಗಣ್ಣಿನಲ್ಲಿ ಹೊಸದಾಗಿ ಚುಕ್ಕೆ, ಮಿಂಚು ಕಾಣಿಸುತ್ತಿದೆ. ಪಾಪೆ ಹಿಗ್ಗಿಸಿ ರೆಟಿನಾ ನೋಡಬೇಕು, ಇಂದೇ ಬರಬಹುದೇ?’ ಎಂದು ಸ್ಪಷ್ಟವಾಗಿ ಹೇಳಿ. ಖಾಸಗಿ ಆಸ್ಪತ್ರೆಯ ವೆಚ್ಚಕ್ಕೆ ಅಂಜಿ ಮನೆಯಲ್ಲಿ ಉಳಿಯಬೇಕಾಗಿಲ್ಲ. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ಇದೆ. ಬೇರೆ ಊರಿನವರು ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ನೇತ್ರ ವಿಭಾಗವನ್ನು ವಿಚಾರಿಸಬಹುದು.

ಒಮ್ಮೆ ನೋಡಿ ‘ಹರಿತವಿಲ್ಲ’ ಎಂದರೂ ಅಲ್ಲಿಗೆ ಮುಗಿಯಲಿಲ್ಲ. ಲೋಳೆ ಪೂರ್ತಿ ಬಿಡಿಸಿಕೊಳ್ಳಲು ಕೆಲವು ವಾರಗಳು ಬೇಕಾಗಬಹುದು. ಸಣ್ಣ ಪ್ರಮಾಣದ ಮಂದಿಗೆ ಈ ಅವಧಿಯಲ್ಲಿ ಹೊಸ ಹರಿತ ಉಂಟಾಗುವುದುಂಟು. ಹೀಗಾಗಿ ನಾಲ್ಕಾರು ವಾರಗಳ ನಂತರ ಮತ್ತೊಮ್ಮೆ ಬರಹೇಳುತ್ತಾರೆ. ಆ ಎರಡನೆಯ ಭೇಟಿಯನ್ನು ತಪ್ಪಿಸಬಾರದು.

ಯಾರು ಹೆಚ್ಚು ಎಚ್ಚರದಿಂದಿರಬೇಕು?

ಮೈನಸ್ ಪವರಿನ ಕನ್ನಡಕ ಹಾಕುವವರು ಮೊದಲಿಗರು. ಸಮೀಪದೃಷ್ಟಿಯವರ ಕಣ್ಣುಗುಡ್ಡೆ ಸಾಮಾನ್ಯಕ್ಕಿಂತ ಉದ್ದವಾಗಿರುತ್ತದೆ, ರೆಟಿನಾ ಅಂಚಿನಲ್ಲಿ ತೆಳುವಾಗಿರಬಹುದು, ಲೋಳೆಯೂ ಬೇಗ ನೀರಾಗುತ್ತದೆ. ಇವರಿಗೆ ಮೂವತ್ತು ನಲವತ್ತರಲ್ಲೇ ಚುಕ್ಕೆ ಕಾಣಿಸಿಕೊಳ್ಳಬಹುದು. ಲೇಸಿಕ್ ಮಾಡಿಸಿಕೊಂಡು ಕನ್ನಡಕ ತೆಗೆದವರೂ ಒಂದು ಮಾತು ನೆನಪಿಡಬೇಕು. ಆ ಚಿಕಿತ್ಸೆ ಸರಿಪಡಿಸುವುದು ಕಾರ್ನಿಯಾದ ಆಕಾರವನ್ನು ಮಾತ್ರ. ಕಣ್ಣುಗುಡ್ಡೆಯ ಉದ್ದ, ರೆಟಿನಾದ ತೆಳುವು ಇದ್ದಂತೆಯೇ ಇರುತ್ತದೆ. ಹಿಂದೆ ಎಷ್ಟು ಪವರ್ ಇತ್ತೆಂದು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಪೊರೆಯ ಶಸ್ತ್ರಚಿಕಿತ್ಸೆ ಆದವರು, ಕಣ್ಣಿಗೆ ಚೆಂಡು ಬಡಿದು ಅಥವಾ ಅಪಘಾತದಲ್ಲಿ ಪೆಟ್ಟಾದವರು, ಹೆತ್ತವರಿಗೋ ಒಡಹುಟ್ಟಿದವರಿಗೋ ರೆಟಿನಾ ಕಳಚಿದ್ದ ಇತಿಹಾಸ ಇರುವವರು, ಸ್ವತಃ ಒಂದು ಕಣ್ಣಿನಲ್ಲಿ ಇದನ್ನು ಅನುಭವಿಸಿದವರು ಇದೇ ಸಾಲಿಗೆ ಸೇರುತ್ತಾರೆ. ಒಂದು ಕಣ್ಣಿನಲ್ಲಿ ಪಿ.ವಿ.ಡಿ. ಆದವರಿಗೆ ಕೆಲವು ವರ್ಷಗಳೊಳಗೆ ಇನ್ನೊಂದು ಕಣ್ಣಿನಲ್ಲೂ ಆಗುವುದು ಸಾಮಾನ್ಯ. ‘ಹಿಂದೊಮ್ಮೆ ಆಗಿತ್ತು, ಏನೂ ಇರಲಿಲ್ಲ’ ಎಂದು ಎರಡನೆಯ ಕಣ್ಣನ್ನು ಕಡೆಗಣಿಸಬಾರದು.

ಸಕ್ಕರೆ ಕಾಯಿಲೆಯವರ ಮಾತು ಬೇರೆ. ಅವರ ಕಣ್ಣಿನಲ್ಲಿ ಹಠಾತ್ತನೆ ಚುಕ್ಕೆಗಳು ತುಂಬಿಕೊಂಡರೆ ರೆಟಿನಾದ ಹೊಸ, ದುರ್ಬಲ ರಕ್ತನಾಳಗಳು ಒಡೆದು ರಕ್ತ ಸೋರಿರಬಹುದು. ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಅವರಿಗೆ ಕಡ್ಡಾಯವೆಂದೇ ತಿಳಿಯಬೇಕು.

ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸವಿದೆ. ಎರಡೂ ಕಣ್ಣು ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಆದ್ದರಿಂದ ದಿನಕ್ಕೊಮ್ಮೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ, ಎದುರಿನ ಗೋಡೆಯ ಕ್ಯಾಲೆಂಡರನ್ನು ನೋಡಿ. ನಾಲ್ಕೂ ಬದಿ ಸರಿಯಾಗಿ ಕಾಣುತ್ತಿದೆಯೇ, ಯಾವ ಮೂಲೆಯಾದರೂ ಮಬ್ಬಾಗಿದೆಯೇ ಎಂದು ಗಮನಿಸಿ. ಹೊಸ ಪಿ.ವಿ.ಡಿ. ಆದವರು ಮೊದಲ ಕೆಲವು ವಾರ ಇದನ್ನು ತಪ್ಪದೆ ಮಾಡುವುದು ಒಳಿತು. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಕಾವಲು ಮಾತ್ರ.

ಹರಿತ ಸಿಕ್ಕರೆ ಮುಂದೇನು?

ಒಂದು ಕಾಲದಲ್ಲಿ ರೆಟಿನಾ ಕಳಚಿತೆಂದರೆ ಕುರುಡು ಖಚಿತ ಎನ್ನುವಂತಿತ್ತು. ಕಳಚುವುದಕ್ಕೆ ಮೂಲ ಕಾರಣ ರೆಟಿನಾದಲ್ಲಿನ ಹರಿತ, ಅದನ್ನು ಮುಚ್ಚಿದರೆ ರೆಟಿನಾ ಮರಳಿ ಕೂರುತ್ತದೆ ಎಂದು ತೋರಿಸಿಕೊಟ್ಟವರು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವೈದ್ಯ ಜೂಲ್ಸ್ ಗೋನಿನ್ (1870-1935). ಕಾಯಿಸಿದ ಉಪಕರಣದಿಂದ ಹರಿತವನ್ನು ಸುಟ್ಟು ಮುಚ್ಚುವ ಅವರ ವಿಧಾನ 1920ರ ದಶಕದಲ್ಲಿ ನೇತ್ರವೈದ್ಯಕೀಯದ ದಿಕ್ಕನ್ನೇ ಬದಲಿಸಿತು. ಇಂದಿನ ಲೇಸರ್ ಕೂಡ ಅದೇ ತತ್ವದ ಮೇಲೆ ನಿಂತಿದೆ. ಹರಿತದ ಸುತ್ತ ಸಣ್ಣ ಸಣ್ಣ ಸುಟ್ಟ ಗುರುತುಗಳನ್ನು ಬೇಲಿಯಂತೆ ಮಾಡುತ್ತಾರೆ. ಅವು ಗಾಯದ ಕಲೆಯಾಗಿ ಗಟ್ಟಿಗೊಳ್ಳಲು ಸುಮಾರು ಎರಡು ವಾರ ಬೇಕು. ಆ ಬಳಿಕ ಅಲ್ಲಿ ರೆಟಿನಾ ಹಿಂಬದಿಗೆ ಬೆಸೆದುಕೊಂಡಿರುತ್ತದೆ. ಲೇಸರ್ ತಲುಪದ ಕಡೆ ಅತಿ ಶೀತದ ಉಪಕರಣದಿಂದ ಇದೇ ಕೆಲಸ ಮಾಡುತ್ತಾರೆ.

ರೆಟಿನಾ ಈಗಾಗಲೇ ಕಳಚಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಕಣ್ಣಿನ ಹೊರಗೋಡೆಗೆ ಸಿಲಿಕಾನ್ ಪಟ್ಟಿ ಹೊಲಿದು ಒಳಕ್ಕೆ ಒತ್ತುವುದು, ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿ ರೆಟಿನಾವನ್ನು ಗೋಡೆಗೆ ಒತ್ತಿಹಿಡಿಯುವುದು, ವಿಟ್ರಿಯಸ್ ಲೋಳೆಯನ್ನೇ ತೆಗೆದುಹಾಕುವ ವಿಟ್ರೆಕ್ಟಮಿ ಮುಖ್ಯ ವಿಧಾನಗಳು. ಇವುಗಳಲ್ಲಿ ವಿಟ್ರೆಕ್ಟಮಿಯ ಇಂದಿನ ರೂಪಕ್ಕೆ 1970ರ ದಶಕದ ಆರಂಭದಲ್ಲಿ ಅಮೆರಿಕದ ಮಯಾಮಿಯಲ್ಲಿ ಅಡಿಪಾಯ ಹಾಕಿದವರು ರಾಬರ್ಟ್ ಮ್ಯಾಕೆಮರ್.

ಅನಿಲದ ಗುಳ್ಳೆ ತುಂಬಿಸಿಕೊಂಡವರಿಗೆ ಒಂದು ಮುಖ್ಯ ಎಚ್ಚರಿಕೆ. ಎತ್ತರಕ್ಕೆ ಏರಿದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗಿ ಗುಳ್ಳೆ ಹಿಗ್ಗುತ್ತದೆ, ಕಣ್ಣಿನೊಳಗಿನ ಒತ್ತಡ ಅಪಾಯದ ಮಟ್ಟಕ್ಕೇರುತ್ತದೆ. ಗುಳ್ಳೆ ಪೂರ್ತಿ ಕರಗುವವರೆಗೆ ವಿಮಾನ ಪ್ರಯಾಣ ಸಲ್ಲದು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಡಿಕೇರಿಗೆ ಮರಳುವವರು ಘಟ್ಟ ಹತ್ತುವ ಮುನ್ನವೂ ವೈದ್ಯರನ್ನು ಕೇಳಲೇಬೇಕು. ಬೇರೆ ಯಾವುದಾದರೂ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಪಡೆಯುವುದಿದ್ದರೆ ಆ ವೈದ್ಯರಿಗೂ ವಿಷಯ ತಿಳಿಸಬೇಕು.

‘ಅಪಾಯವಿಲ್ಲ’ ಎಂದ ಮೇಲಿನ ಬದುಕು

ಬಹುಪಾಲು ಓದುಗರಿಗೆ ಬೇಕಾದ ಮಾತು ಇದು. ಪರೀಕ್ಷೆ ಆಗಿದೆ, ಹರಿತವಿಲ್ಲ. ಆದರೆ ಚುಕ್ಕೆ ಮಾತ್ರ ಕಣ್ಣೆದುರು ಕುಣಿಯುತ್ತಲೇ ಇದೆ. ‘ಅದು ಹಾಗೇ ಇರುತ್ತೆ, ಅಭ್ಯಾಸ ಮಾಡ್ಕೊಳ್ಳಿ’ ಎಂದು ವೈದ್ಯರು ಎರಡು ಮಾತಿನಲ್ಲಿ ಮುಗಿಸಿದಾಗ ರೋಗಿಗೆ ತನ್ನ ಕಷ್ಟ ಯಾರಿಗೂ ಅರ್ಥವಾಗಲಿಲ್ಲವೆನಿಸುತ್ತದೆ. ಓದುವುದೇ ಜೀವನವಾದ ಶಿಕ್ಷಕರು, ದಿನವಿಡೀ ಪರದೆ ನೋಡುವ ಸಾಫ್ಟ್‌ವೇರ್ ನೌಕರರು, ದೂರ ದೂರಕ್ಕೆ ವಾಹನ ಓಡಿಸುವ ಚಾಲಕರು ಇದರಿಂದ ನಿಜಕ್ಕೂ ಬಳಲುತ್ತಾರೆ. ಕೆಲವರಿಗೆ ನಿದ್ದೆ ಕೆಡುತ್ತದೆ, ಆತಂಕ, ಖಿನ್ನತೆ ಆವರಿಸುತ್ತವೆ. ಆ ಕಷ್ಟ ಕಲ್ಪನೆಯದಲ್ಲ.

ಸಮಾಧಾನದ ಸಂಗತಿಯೆಂದರೆ ಕಾಲ ರೋಗಿಯ ಪರವಾಗಿದೆ. ವಾರ, ತಿಂಗಳುಗಳು ಕಳೆದಂತೆ ಬಿಡಿಸಿಕೊಂಡ ಲೋಳೆ ರೆಟಿನಾದಿಂದ ಮುಂದಕ್ಕೆ, ಕೆಳಕ್ಕೆ ಸರಿಯುತ್ತದೆ. ನೆರಳು ಹರಡಿ ಮಸುಕಾಗುತ್ತದೆ. ಮಿಂಚೂ ಸಾಮಾನ್ಯವಾಗಿ ಕೆಲವು ವಾರ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಇದರ ಜೊತೆಗೆ ಮಿದುಳೂ ತನ್ನ ಕೆಲಸ ಮಾಡುತ್ತದೆ. ಮನೆಯ ಗೋಡೆ ಗಡಿಯಾರದ ಟಿಕ್ ಟಿಕ್ ಸದ್ದು ನಮಗೆ ಕೇಳಿಸದಂತಾಗುವ ಹಾಗೆ, ಪ್ರಯೋಜನವಿಲ್ಲದ ಈ ನೆರಳನ್ನೂ ಅದು ಲೆಕ್ಕದಿಂದ ಕೈಬಿಡುತ್ತದೆ. ನಾವು ಮಾಡಬೇಕಾದದ್ದು ಆ ಕೆಲಸಕ್ಕೆ ಅಡ್ಡಿಯಾಗದಿರುವುದು.

ಚುಕ್ಕೆ ಇನ್ನೂ ಇದೆಯೇ ಎಂದು ಪದೇ ಪದೇ ಆಕಾಶ, ಗೋಡೆ ನೋಡಿ ಹುಡುಕುವ ಚಟವನ್ನು ಬಿಡಿ. ದಿನಕ್ಕೊಮ್ಮೆ ಒಂದೊಂದೇ ಕಣ್ಣಿನಿಂದ ನೋಡುವ ಕಾವಲು ಸಾಕು, ಉಳಿದ ಹೊತ್ತು ಅದರ ಗೊಡವೆ ಬೇಡ. ಹೊರಗೆ ಹೋಗುವಾಗ ತಂಪು ಕನ್ನಡಕ ಧರಿಸಿದರೆ ಬೆಳಕಿನ ಪ್ರಖರತೆ ತಗ್ಗಿ ಚುಕ್ಕೆ ಮಬ್ಬಾಗುತ್ತದೆ. ಕಂಪ್ಯೂಟರ್, ಮೊಬೈಲುಗಳಲ್ಲಿ ಬಿಳಿ ಹಿನ್ನೆಲೆಯ ಬದಲು ಕಪ್ಪು ಅಥವಾ ಬೂದು ಹಿನ್ನೆಲೆ ಇಟ್ಟುಕೊಳ್ಳಿ, ಪರದೆಯ ಬೆಳಕು ತಗ್ಗಿಸಿ. ಓದುವಾಗ ಚುಕ್ಕೆ ಸರಿಯಾಗಿ ಅಕ್ಷರದ ಮೇಲೆ ಬಂದು ನಿಂತರೆ ಕಣ್ಣನ್ನು ಒಮ್ಮೆ ಮೇಲಕ್ಕೂ ಕೆಳಕ್ಕೂ ಆಡಿಸಿ. ಒಳಗಿನ ದ್ರವ ಕಲಕಿ ಚುಕ್ಕೆ ಪಕ್ಕಕ್ಕೆ ಸರಿಯುತ್ತದೆ. ಪೊರೆಯೋ ಕಣ್ಣಿನ ಶುಷ್ಕತೆಯೋ ಜೊತೆಗಿದ್ದರೆ ಅದಕ್ಕೆ ಚಿಕಿತ್ಸೆ ಪಡೆಯಿರಿ. ನೋಟ ತಿಳಿಯಾದಷ್ಟೂ ಚುಕ್ಕೆಯ ಕಾಟವನ್ನು ಸಹಿಸುವುದು ಸುಲಭ.

ನಡಿಗೆ, ಮನೆಗೆಲಸ, ಕಚೇರಿ ಕೆಲಸ, ಓದು ಇವುಗಳಿಗೆ ಅಡ್ಡಿಯಿಲ್ಲ. ಓದಿನಿಂದ ರೆಟಿನಾ ಹರಿಯುವುದಿಲ್ಲ. ಮೊದಲ ಕೆಲವು ವಾರ ಭಾರ ಎತ್ತುವುದು, ಶೀರ್ಷಾಸನ, ಪೆಟ್ಟು ಬೀಳಬಹುದಾದ ಆಟಗಳು ಬೇಡವೆಂದು ಹಲವು ವೈದ್ಯರು ಹೇಳುತ್ತಾರೆ. ಇದು ಮುಂಜಾಗ್ರತೆಯ ಸಲಹೆಯೇ ಹೊರತು ಪುರಾವೆಯಿಂದ ಸಿದ್ಧವಾದ ನಿಯಮವಲ್ಲ.

ಚುಕ್ಕೆ ಕರಗಿಸುತ್ತೇವೆಂದು ಹೇಳಿಕೊಳ್ಳುವ ಹನಿ, ಮಾತ್ರೆ, ಹಣ್ಣಿನ ಪಥ್ಯ, ಕಣ್ಣಿನ ವ್ಯಾಯಾಮಗಳಲ್ಲಿ ಯಾವುದಕ್ಕೂ ಗಟ್ಟಿಯಾದ ಪುರಾವೆಯಿಲ್ಲ. ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ನಂದಿಬಟ್ಟಲು ಹೂವಿಟ್ಟುಕೊಂಡರೆ ತಂಪೆನಿಸೀತು, ಒಳಗಿನ ಲೋಳೆಗೆ ಅದು ತಲುಪದು. ಜೇನು, ಎಲೆಯ ರಸ ಮುಂತಾದುವನ್ನು ಕಣ್ಣಿನೊಳಗೆ ಹಿಂಡಿಕೊಂಡರೆ ಮಾತ್ರ ಇಲ್ಲದ ಸೋಂಕನ್ನು ಬರಮಾಡಿಕೊಂಡಂತೆ.

ಚುಕ್ಕೆಗೇ ಚಿಕಿತ್ಸೆ ಇಲ್ಲವೇ?

ಇದೆ, ಆದರೆ ಎಲ್ಲರಿಗೂ ಅಲ್ಲ. ವಿಟ್ರೆಕ್ಟಮಿಯಲ್ಲಿ ಲೋಳೆಯ ಜೊತೆಗೆ ಚುಕ್ಕೆಗಳೂ ಹೋಗುತ್ತವೆ. ಫಲಿತಾಂಶ ಚೆನ್ನಾಗಿಯೇ ಇರುತ್ತದೆ. ಆದರೆ ಬೆಲೆಯೂ ಇದೆ. ಐವತ್ತು ದಾಟಿದವರಲ್ಲಿ ಹೆಚ್ಚಿನವರಿಗೆ ಒಂದೆರಡು ವರ್ಷಗಳಲ್ಲಿ ಪೊರೆ ಬಲಿಯುತ್ತದೆ. ಸಣ್ಣ ಪ್ರಮಾಣದಲ್ಲಿ ಸೋಂಕು, ರಕ್ತಸ್ರಾವ ಹಾಗೂ ಯಾವುದಕ್ಕೆ ಅಂಜುತ್ತಿದ್ದೆವೋ ಅದೇ ರೆಟಿನಾ ಕಳಚುವ ಅಪಾಯವೂ ಇದೆ. ಹಾಗಾಗಿ ತಿಂಗಳುಗಟ್ಟಲೆ ಕಾದ ಮೇಲೂ ದಿನನಿತ್ಯದ ಕೆಲಸ ನಡೆಯದಂತಾದವರಿಗೆ ಮಾತ್ರ, ಸಾಧಕ ಬಾಧಕಗಳನ್ನು ವಿವರವಾಗಿ ಚರ್ಚಿಸಿದ ನಂತರ ವೈದ್ಯರು ಇದನ್ನು ಸೂಚಿಸುತ್ತಾರೆ.

ಯಾಗ್ ಲೇಸರಿನಿಂದ ಚುಕ್ಕೆಯನ್ನು ಒಡೆದು ಚೂರಾಗಿಸುವ ವಿಧಾನವೂ ಇದೆ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ, 52 ಮಂದಿಯನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಲೇಸರ್ ಪಡೆದವರು ತಮ್ಮ ತೊಂದರೆ ಸರಾಸರಿ ಶೇಕಡ 54ರಷ್ಟು ತಗ್ಗಿತೆಂದು ಹೇಳಿದರೆ, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಅದು ಶೇಕಡ 9ರಷ್ಟಿತ್ತು. ಉಂಗುರದಂಥ ಒಂಟಿ ಚುಕ್ಕೆ ಮಸೂರ ಮತ್ತು ರೆಟಿನಾ ಎರಡರಿಂದಲೂ ದೂರವಿದ್ದರೆ ಇದು ಉಪಯೋಗಕ್ಕೆ ಬರಬಹುದು. ಆದರೆ ಅಧ್ಯಯನ ಚಿಕ್ಕದು. ಇದನ್ನು ಎಲ್ಲ ಚುಕ್ಕೆಗಳಿಗೂ ಮದ್ದೆಂದು ಹೇಳುವ ಜಾಹೀರಾತುಗಳನ್ನು ನಂಬುವ ಮುನ್ನ ಇನ್ನೊಬ್ಬ ರೆಟಿನಾ ತಜ್ಞರ ಅಭಿಪ್ರಾಯ ಪಡೆಯುವುದು ಜಾಣತನ.

ಕೊನೆಯ ಮಾತು

ಕಣ್ಣೆದುರಿನ ನೊಣಕ್ಕೆ ಹೆದರಿ ಕೂರುವುದೂ ಬೇಡ, ಅದನ್ನು ನಗಣ್ಯವೆಂದು ತಳ್ಳಿಹಾಕುವುದೂ ಬೇಡ. ಹೊಸದಾಗಿ ಕಂಡ ದಿನ ಅದು ತುರ್ತು ವಿಷಯ. ಪರೀಕ್ಷೆಯಾಗಿ ಅಪಾಯವಿಲ್ಲವೆಂದು ತಿಳಿದ ಮೇಲೆ ಅದು ಮರೆಯಬಹುದಾದ ವಿಷಯ. ಹೀಗೆ ಮರೆತವರೂ ಚುಕ್ಕೆ ಹೆಚ್ಚಿದರೆ, ಮಿಂಚು ಮರುಕಳಿಸಿದರೆ, ನೆರಳು ಸುಳಿದರೆ ಅದನ್ನು ಹೊಸ ತೊಂದರೆಯೆಂದೇ ಎಣಿಸಿ ಮತ್ತೆ ವೈದ್ಯರ ಬಳಿಗೆ ಹೋಗಬೇಕು. ನಿಮ್ಮ ಮನೆಯ ಹಿರಿಯರು ‘ಕಣ್ಣಲ್ಲಿ ಏನೋ ಹಾರಿದ ಹಾಗಾಗುತ್ತಪ್ಪ’ ಎಂದು ಹೇಳಿದಾಗ ‘ವಯಸ್ಸಾಯ್ತಲ್ಲ, ಹಾಗೇ’ ಎಂದು ಸುಮ್ಮನಾಗಿಸಬೇಡಿ. ಎಂದಿನಿಂದ, ಯಾವ ಕಣ್ಣಿನಲ್ಲಿ ಎಂದು ಕೇಳಿ, ಅಂದೇ ಕರೆದುಕೊಂಡು ಹೋಗಿ.